ಆಸ್ಪತ್ರೆ ಚೀಟಿ, ಲ್ಯಾಬ್ ರಿಪೋರ್ಟ್ ಮೊಬೈಲ್‌ನಲ್ಲೇ ಇಟ್ಟುಕೊಳ್ಳುವುದು ಹೇಗೆ? ‘ಆಭಾ’ ನಂಬರ್ ಬಗ್ಗೆ ಇಲ್ಲಿದೆ ಮಾಹಿತಿ

ಶಿವಮೊಗ್ಗ: ಭದ್ರಾವತಿಯಲ್ಲಿ ತೋರಿಸಿಕೊಂಡವರು ಹೆಚ್ಚಿನ ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ಕೆಲವೊಮ್ಮೆ ಅಲ್ಲಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಜೊತೆಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಹಳೇ ಚೀಟಿ, ರಿಪೋರ್ಟ್‌ಗಳೂ ಹೋಗಬೇಕು. ಒಂದು ಕಾಗದ ಮನೆಯಲ್ಲಿ ಮರೆತರೂ ಅದೇ ಪರೀಕ್ಷೆ ಮತ್ತೊಮ್ಮೆ, ದುಡ್ಡೂ ಮತ್ತೊಮ್ಮೆ. ಈ ತೊಂದರೆ ತಪ್ಪಿಸಲು ಇರುವ ಉಚಿತ ವ್ಯವಸ್ಥೆಯೇ ‘ಆಭಾ’.

ಏನಿದು ಆಭಾ?
ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್ ಎಂಬುದರ ಚಿಕ್ಕ ಹೆಸರು ಆಭಾ. ಇದು 14 ಅಂಕಿಯ ನಂಬರ್. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭಿಸಿದ ಡಿಜಿಟಲ್ ಆರೋಗ್ಯ ಮಿಷನ್‌ನ ಭಾಗ.

ಚಿಕಿತ್ಸೆ ಕಾರ್ಡ್ ಬೇರೆ, ಇದು ಬೇರೆ
ಹಲವರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಕೊಡುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್. ಆಭಾ ನಂಬರ್ ಇದ್ದ ಮಾತ್ರಕ್ಕೆ ಬಿಲ್ ಕಡಿಮೆಯಾಗಲ್ಲ. ಅದು ದಾಖಲೆಗಳನ್ನು ಒಂದೆಡೆ ಜೋಡಿಸಲು ಮಾತ್ರ. ಎಪಿಎಲ್, ಬಿಪಿಎಲ್ ಎನ್ನದೆ ಯಾರು ಬೇಕಾದರೂ ಮಾಡಿಕೊಳ್ಳಬಹುದು. ಕಡ್ಡಾಯವಲ್ಲ.

ಮಾಡಿಕೊಳ್ಳುವುದು ಹೇಗೆ?
ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ‘ಆಭಾ’ ಆ್ಯಪ್ ಹಾಕಿಕೊಂಡು ಆಧಾರ್ ನಂಬರ್ ಕೊಟ್ಟರೆ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಹಳೇ ಸಿಮ್ ಬಂದ್ ಆಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಬದಲಿಸಿಕೊಳ್ಳಬೇಕು.

ಆಸ್ಪತ್ರೆಯಲ್ಲಿ ಬಳಕೆ
ಈ ಸೌಲಭ್ಯವಿರುವ ಆಸ್ಪತ್ರೆಗಳ ಹೊರರೋಗಿ ಕೌಂಟರ್‌ನಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ಕೌಂಟರ್‌ಗೆ ಹೋಗಿ ಟೋಕನ್ ಬರುತ್ತದೆ. ಚೀಟಿ ಮಾಡಿಸುವಾಗಲೇ ಆಭಾ ನಂಬರ್ ಜೋಡಿಸಲು ಹೇಳಿ. ಜೋಡಿಸದ ಹಳೇ ರಿಪೋರ್ಟ್‌ಗಳು ತಾವಾಗಿಯೇ ಬರಲ್ಲ. ಫೋಟೊ ತೆಗೆದು ನೀವೇ ಆ್ಯಪ್‌ಗೆ ಹಾಕಿಕೊಳ್ಳಬಹುದು. ಎಕ್ಸ್‌ರೇ, ಸ್ಕ್ಯಾನಿಂಗ್ ಫಿಲ್ಮ್‌ಗಳನ್ನು ಮಾತ್ರ ಎಸೆಯಬೇಡಿ.

ಯಾರು ಬೇಕಾದರೂ ನೋಡಬಹುದಾ?
ಇಲ್ಲ. ದಾಖಲೆ ಆಯಾ ಆಸ್ಪತ್ರೆ, ಲ್ಯಾಬ್‌ನಲ್ಲೇ ಇರುತ್ತದೆ. ಬೇರೆ ವೈದ್ಯರು ನೋಡಬೇಕಾದರೆ ನಿಮ್ಮ ಮೊಬೈಲ್‌ಗೆ ಒಪ್ಪಿಗೆ ಕೇಳಿ ಬರುತ್ತದೆ. ಯಾವ ದಾಖಲೆ, ಎಷ್ಟು ದಿನ ಎಂಬುದನ್ನು ನೀವೇ ತೀರ್ಮಾನಿಸಬಹುದು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು.

ಎಚ್ಚರಿಕೆ ಇರಲಿ
ವಯಸ್ಸಾದವರಿಗೆ ನೋಂದಣಿ ಮಾಡಿಸುವಾಗ ಮೊಬೈಲ್ ಅಂಗಡಿ ಅಥವಾ ಸೈಬರ್ ಸೆಂಟರ್‌ನವರ ನಂಬರ್ ಹಾಕಿಸಬೇಡಿ. ಹಾಕಿಸಿದರೆ ಒಪ್ಪಿಗೆಯ ಒಟಿಪಿ ಅವರ ಫೋನ್‌ಗೆ ಹೋಗುವ ಅಪಾಯವಿದೆ. ಅಂಗಡಿಯವರೂ ಗ್ರಾಹಕರದ್ದೇ ಅಥವಾ ಮಕ್ಕಳ ನಂಬರ್ ಕೇಳಿ ಹಾಕುವುದು ಒಳ್ಳೆಯದು. ಫೋನ್ ಮಾಡಿ ಒಟಿಪಿ ಕೇಳಿದರೆ ಯಾರಿಗೂ ಹೇಳಬೇಡಿ. ಸಹಾಯವಾಣಿ: 14477.