ಸಿಡ್ನಿ ಟಾರ್ ಕೊಳಗಳು

ಸಿಡ್ನಿ ಟಾರ್ ಕೊಳಗಳು ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯಕ್ಕೆ ಸೇರಿದ ಕೇಪ್ ಬ್ರೆಟನ್ ದ್ವೀಪದ ಸಿಡ್ನಿಯಲ್ಲಿದ್ದ, ಕೈಗಾರಿಕಾ ತ್ಯಾಜ್ಯದಿಂದ ಮಲಿನಗೊಂಡ ಅಳಿವೆ ಪ್ರದೇಶ. ಇಲ್ಲಿನ ವಿಷಯುಕ್ತ ಹೂಳನ್ನು ಹೊರಸಾಗಿಸದೆ, ಇದ್ದಲ್ಲಿಯೇ ಸಿಮೆಂಟ್ ಬೆರೆಸಿ ಗಟ್ಟಿಗೊಳಿಸಲಾಯಿತು.

ಹಿನ್ನೆಲೆ

ಸಿಡ್ನಿಯ ಉಕ್ಕಿನ ಕಾರ್ಖಾನೆಯಲ್ಲಿ 1901ರಲ್ಲಿ ಉತ್ಪಾದನೆ ಆರಂಭವಾಯಿತು. ಉಕ್ಕಿನ ತಯಾರಿಕೆಗೆ ಅಗತ್ಯವಾದ ಕೋಕ್‌ಗಾಗಿ ಕಲ್ಲಿದ್ದಲನ್ನು ಗಾಳಿಯಾಡದ ಒಲೆಗಳಲ್ಲಿ ಕಾಯಿಸಿದಾಗ ಟಾರು ಉಪೋತ್ಪನ್ನವಾಗಿ ದೊರೆಯುತ್ತದೆ. ಇದರ ಅಂಶಗಳು ದಶಕಗಳ ಕಾಲ ತೊರೆಯ ಮೂಲಕ ಹರಿದು, ಸಮುದ್ರದ ಉಬ್ಬರವಿಳಿತಕ್ಕೆ ಒಳಪಟ್ಟ ಮಗ್ಗಾ ಕ್ರೀಕ್‌ನ ತಳದಲ್ಲಿ ಶೇಖರಗೊಂಡವು. ಸುಮಾರು 7 ಲಕ್ಷ ಟನ್‌ಗಳಷ್ಟಿದ್ದ ಈ ಹೂಳಿನಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು, ಪಿಸಿಬಿಗಳು ಹಾಗೂ ಭಾರಲೋಹಗಳು ಸೇರಿದ್ದವು. ಮಾಲಿನ್ಯದ ಕಾರಣ 1982ರಲ್ಲಿ ಸಿಡ್ನಿ ಬಂದರಿನ ದಕ್ಷಿಣ ಭಾಗದಲ್ಲಿ ಲಾಬ್‌ಸ್ಟರ್ ಹಿಡಿಯುವುದನ್ನು ನಿಲ್ಲಿಸಲಾಯಿತು. ಕೋಕ್ ಒಲೆಗಳು 1988ರಲ್ಲಿಯೂ ಕಾರ್ಖಾನೆಯು 2001ರಲ್ಲಿಯೂ ಮುಚ್ಚಿದವು.

ಶುದ್ಧೀಕರಣದ ಯತ್ನಗಳು

ಹೂಳನ್ನು ಮೇಲೆತ್ತಿ ಸುಡುವ ಯೋಜನೆಯು 1986ರಲ್ಲಿ ಪ್ರಕಟವಾಯಿತು. ದಪ್ಪನೆಯ ಹೂಳನ್ನು ಕೊಳವೆಗಳಲ್ಲಿ ಸಾಗಿಸುವುದು ಕಷ್ಟವಾಗಿ ಆ ಯತ್ನ ವಿಫಲವಾಯಿತು. ಹೂಳಿನ ಮೇಲೆ ಉಕ್ಕಿನ ಕಿಟ್ಟವನ್ನು ಹರಡಿ ಮುಚ್ಚುವ ನಂತರದ ಪ್ರಸ್ತಾಪವನ್ನು ನಿವಾಸಿಗಳು ವಿರೋಧಿಸಿದರು. 2004ರಲ್ಲಿ ಕೇಂದ್ರ ಹಾಗೂ ಪ್ರಾಂತೀಯ ಸರ್ಕಾರಗಳು 40 ಕೋಟಿ ಕೆನಡಿಯನ್ ಡಾಲರ್‌ಗಳ ಯೋಜನೆಗೆ ಒಪ್ಪಿದವು. ಅದರಲ್ಲಿದ್ದ ದಹನದ ಅಂಶವನ್ನು 2007ರಲ್ಲಿ ಕೈಬಿಟ್ಟು, ಸಿಮೆಂಟಿನ ವಿಧಾನವನ್ನೇ ಆರಿಸಿಕೊಳ್ಳಲಾಯಿತು.

ಘನೀಕರಣ ಮತ್ತು ಸ್ಥಿರೀಕರಣ

ತೊರೆಗಳ ನೀರನ್ನು ಬೇರೆಡೆಗೆ ತಿರುಗಿಸಿ, ಯಂತ್ರಗಳಿಂದ ಹೂಳಿಗೆ ಸಿಮೆಂಟ್ ಬೆರೆಸಲಾಯಿತು. ಸಿಮೆಂಟ್ ಹೂಳಿನಲ್ಲಿರುವ ನೀರಿನೊಂದಿಗೆ ವರ್ತಿಸಿ ಗಟ್ಟಿಯಾದಂತೆ, ಅದರೊಳಗೆ ನೀರು ಹಾಯುವುದು ಬಹಳ ಕಡಿಮೆಯಾಗುತ್ತದೆ. ಇದು ಘನೀಕರಣ. ಸಿಮೆಂಟಿನ ಕ್ಷಾರಗುಣದಿಂದ ಅನೇಕ ಲೋಹಗಳು ಸುಲಭವಾಗಿ ಕರಗದ ಸಂಯುಕ್ತಗಳಾಗುತ್ತವೆ. ಇದು ಸ್ಥಿರೀಕರಣ. ಟಾರಿನಂತಹ ಸಾವಯವ ವಸ್ತುಗಳು ಮಾತ್ರ ನಾಶವಾಗದೆ, ಗಟ್ಟಿಯಾದ ರಾಶಿಯೊಳಗೆ ಬಂಧಿತವಾಗಿರುತ್ತವೆ. ಅವು ಸಿಮೆಂಟ್ ಗಟ್ಟಿಯಾಗುವುದಕ್ಕೂ ಅಡ್ಡಿಪಡಿಸಬಲ್ಲವು. ಆದುದರಿಂದ ಈ ವಿಧಾನದಲ್ಲಿ ಮಿಶ್ರಣದ ಗಟ್ಟಿತನ, ನೀರು ಹಾಯುವ ಪ್ರಮಾಣ ಮತ್ತು ವಿಷಾಂಶದ ಸೋರಿಕೆಯನ್ನು ಪರೀಕ್ಷಿಸುವುದು ಅವಶ್ಯಕ.

ಪ್ರಸ್ತುತ ಸ್ಥಿತಿ

ಗಟ್ಟಿಗೊಳಿಸಿದ ಹೂಳಿನ ಮೇಲೆ ರಕ್ಷಣಾ ಪದರಗಳನ್ನು ಹಾಸಿ, ಹುಲ್ಲು ಬೆಳೆಸಲಾಯಿತು. 2013ರಲ್ಲಿ ಈ ಸ್ಥಳವು 'ಓಪನ್ ಹಾರ್ತ್ ಪಾರ್ಕ್' ಎಂಬ ಉದ್ಯಾನವಾಗಿ ಸಾರ್ವಜನಿಕರಿಗೆ ತೆರೆಯಿತು. ಉಕ್ಕು ಕರಗಿಸುವ ಒಂದು ಬಗೆಯ ಕುಲುಮೆಯ ಹೆಸರನ್ನೇ ಇದಕ್ಕೆ ಇಡಲಾಗಿದೆ. ಮಾಲಿನ್ಯಕಾರಕಗಳು ಉದ್ಯಾನದ ಅಡಿಯಲ್ಲಿಯೇ ಉಳಿದಿರುವುದರಿಂದ, ಹೊದಿಕೆಯ ನಿರ್ವಹಣೆ ಹಾಗೂ ಸುತ್ತಲಿನ ನೀರಿನ ಪರೀಕ್ಷೆಗಳು ದೀರ್ಘಕಾಲ ನಡೆಯಬೇಕಾದ ಕಾರ್ಯಗಳಾಗಿವೆ.