ಮೀನಿನ ಪಿಕಪ್‌ಗೆ ಹೆಚ್ಚಿನ ಶಕ್ತಿ: ಮೊದಲು ಮಾಪಕ, ಆಮೇಲೆ ಮಾರ್ಪಾಡು

ಮಲ್ಪೆಯ ದಕ್ಕೆಯಲ್ಲಿ ಬಂಗುಡೆ, ಬೂತಾಯಿಗಳನ್ನು ಮಂಜುಗಡ್ಡೆಯೊಡನೆ ತುಂಬಿಸಿಕೊಂಡು ಹೊರಡುವ ಡೀಸೆಲ್ ಪಿಕಪ್ ವಾಹನಗಳ ಪೈಕಿ ಘಟ್ಟದ ಮೇಲಿನ ಮಾರುಕಟ್ಟೆಗಳಿಗೆ ಹೋಗುವವು ಹಲವು. ಮಲ್ಪೆಯನ್ನು ತೀರ್ಥಹಳ್ಳಿಗೆ ಜೋಡಿಸುವ 169ಎ ರಾಷ್ಟ್ರೀಯ ಹೆದ್ದಾರಿಯು ಉಡುಪಿ, ಮಣಿಪಾಲ, ಹೆಬ್ರಿಗಳನ್ನು ದಾಟಿ, ಸೋಮೇಶ್ವರದಿಂದ 14 ಕಡಿದಾದ ತಿರುವುಗಳ ಮೂಲಕ ಆಗುಂಬೆಗೆ ಏರುತ್ತದೆ. ಸಮುದ್ರಮಟ್ಟದಿಂದ ಹೊರಟ ವಾಹನವು ಒಂದೇ ಓಟದಲ್ಲಿ 600 ಮೀಟರಿಗೂ ಮಿಕ್ಕಿ ಎತ್ತರವನ್ನು ಹೊರೆಸಹಿತ ತಲುಪಬೇಕು. ಬೆಳಗಿನ ಹರಾಜಿಗೆ ತಡವಾದರೆ ಮೀನಿನ ದರ ಇಳಿಯುತ್ತದೆ. ಆದ್ದರಿಂದಲೇ ಇಂಜಿನ್‌ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ವಿಚಾರ ಪಿಕಪ್ ಮಾಲೀಕರಲ್ಲಿ ಮೂಡುವುದು ಸಹಜ.

ಈ ವಾಹನಗಳ ಇಂಜಿನ್‌ಗಳು ದೊಡ್ಡವೇನೂ ಅಲ್ಲ. ಮಹೀಂದ್ರ ಬೊಲೆರೊ ಪಿಕಪ್‌ನ 2,523 ಸಿ.ಸಿ. ಇಂಜಿನ್ ಸುಮಾರು 75 ಅಶ್ವಶಕ್ತಿಯದು. 2011ರಲ್ಲಿ ಮಾರುಕಟ್ಟೆಗೆ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ನದು 1,478 ಸಿ.ಸಿ.ಯ 3 ಸಿಲಿಂಡರ್ ಇಂಜಿನ್. ಇವುಗಳಿಂದ ಹೆಚ್ಚು ಶಕ್ತಿ ಪಡೆಯಲು ಇರುವ ಸುಲಭ ದಾರಿ ಒಂದೇ: ಹೆಚ್ಚು ಡೀಸೆಲ್ ಸುಡುವುದು. ಅಪಾಯವೂ ಅಲ್ಲಿಯೇ ಇದೆ.

ಉಷ್ಣವೇ ಮುಖ್ಯ ಶತ್ರು

ಪೆಟ್ರೋಲ್ ಇಂಜಿನ್‌ನಲ್ಲಿ ಇಂಧನ ಕಡಿಮೆಯಾದರೆ ಉಷ್ಣ ಏರುವ ಭಯವಿರುತ್ತದೆ. ಡೀಸೆಲ್‌ನಲ್ಲಿ ಇದು ತಿರುವುಮುರುವು. ಗಾಳಿಯನ್ನು ಹೆಚ್ಚಿಸದೆ ಇಂಧನವನ್ನು ಮಾತ್ರ ಹೆಚ್ಚಿಸಿದರೆ ಹೊಗೆ ಕಪ್ಪಾಗುತ್ತದೆ, ಹೊರಹೋಗುವ ಅನಿಲದ ಉಷ್ಣಾಂಶ ಏರುತ್ತದೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪಿಸ್ಟನ್‌ಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಎಣ್ಣೆ ಮತ್ತು ಸಿಲಿಂಡರ್ ಗೋಡೆ ಅವುಗಳ ಉಷ್ಣವನ್ನು ಸತತವಾಗಿ ಹೀರಿಕೊಳ್ಳುವುದರಿಂದಲೇ ಅವು ಉಳಿದುಕೊಂಡಿವೆ. ಟರ್ಬೋಗೆ ಮುಂಚಿನ ಅನಿಲದ ಉಷ್ಣಾಂಶವನ್ನು ದೀರ್ಘಕಾಲ 700 ಡಿಗ್ರಿಗಿಂತ ಮೇಲೆ ಇರಗೊಡಬಾರದೆಂಬುದು ಡೀಸೆಲ್ ಕುಶಲಕರ್ಮಿಗಳು ಸಾಮಾನ್ಯವಾಗಿ ಪಾಲಿಸುವ ಮಿತಿ. ಕಂಪನಿಯ ಡ್ಯಾಶ್‌ಬೋರ್ಡಿನಲ್ಲಿ ಈ ಅಂಕಿಯನ್ನು ತೋರಿಸುವ ಮಾಪಕವಿರುವುದಿಲ್ಲ.

ನೀರಿನ ಉಷ್ಣ ತೋರಿಸುವ ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ. ಅನೇಕ ವಾಹನಗಳಲ್ಲಿ ಅದು ಒಂದು ವ್ಯಾಪ್ತಿಯುದ್ದಕ್ಕೂ ನಡುವಿನಲ್ಲೇ ನಿಂತಿರುವಂತೆ ರೂಪಿಸಲ್ಪಟ್ಟಿರುತ್ತದೆ. ರೇಡಿಯೇಟರ್ ನೀರು ಸೋರಿ ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ಉಳಿದು, ಇಂಜಿನ್ ಬೇಯುತ್ತಿರುವಾಗಲೇ ಮುಳ್ಳು ಕೆಳಗಿಳಿಯುವುದೂ ಉಂಟು.

ಅಳವಡಿಸುವ ಬಗೆ

ಹೆಚ್ಚುವರಿಯಾಗಿ ಬೇಕಾದ ಮಾಪಕಗಳು ಮೂರು: ಟರ್ಬೋ ಒತ್ತಡ, ಹೊರಹೋಗುವ ಅನಿಲದ ಉಷ್ಣಾಂಶ ಮತ್ತು ಎಣ್ಣೆಯ ಒತ್ತಡ. ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ ಎರಡನೆಯದನ್ನೇ ಕೊಳ್ಳಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ಟರ್ಬೋ ಒತ್ತಡ, ನೀರಿನ ಉಷ್ಣ ಮೊದಲಾದವನ್ನು ಒಬಿಡಿ ಸಾಕೆಟ್ಟಿಗೆ ಚಿಕ್ಕ ಉಪಕರಣವೊಂದನ್ನು ಚುಚ್ಚಿ ಓದಬಹುದು. ಹಳೆಯ ವಾಹನಗಳಿಗೆ ಪ್ರತ್ಯೇಕ ಸೆನ್ಸರ್‌ಗಳೇ ಬೇಕು.

ಉಷ್ಣಮಾಪಕದ ಸೆನ್ಸರನ್ನು ಟರ್ಬೋಗೆ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಕೂರಿಸುವುದು ಸರಿ. ಟರ್ಬೋದ ಆಚೆ ಕೂರಿಸಿದರೆ ಹೊರೆಯಲ್ಲಿ 100ರಿಂದ 200 ಡಿಗ್ರಿಯಷ್ಟು ಕಡಿಮೆ ತೋರಿಸುತ್ತದೆ. ಚಾಲಕನು ನಿಶ್ಚಿಂತನಾಗಿರುವಾಗಲೇ ಪಿಸ್ಟನ್ ಹಾಳಾಗಬಹುದು. ರಂಧ್ರ ಕೊರೆಯಲು ಮ್ಯಾನಿಫೋಲ್ಡ್ ಅನ್ನು ಕಳಚಿಯೇ ತೆಗೆಯಬೇಕು. ವಾಹನದಲ್ಲಿದ್ದಂತೆಯೇ ಡ್ರಿಲ್ ಬಿಟ್‌ಗೆ ಗ್ರೀಸ್ ಹಚ್ಚಿ ಕೊರೆಯುವ ಪದ್ಧತಿಯೂ ಇದೆ, ಆದರೆ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೋ ಚಕ್ರಕ್ಕೆ ಲೋಹದ ಒಂದು ಚೂರು ಸಾಕು. ಅರ್ಧ ದಿನದ ಕೂಲಿ ಉಳಿಸಲು ಹೋಗಿ ಟರ್ಬೋ ಕಳೆದುಕೊಳ್ಳುವುದು ಜಾಣತನವಲ್ಲ.

ಇನ್ನು ಉಪ್ಪು. ಕರಾವಳಿಯ ಗಾಳಿ, ಮೀನಿನ ಪೆಟ್ಟಿಗೆಗಳಿಂದ ಚಾಸಿಗೆ ಇಳಿಯುವ ಉಪ್ಪುನೀರು, ಮಳೆ, ಈ ಮೂರೂ ಸೇರಿ ಬೇರೆ ಊರಿನಲ್ಲಿ ಹತ್ತು ವರ್ಷ ಬಾಳುವ ತಂತಿಯನ್ನು ಇಲ್ಲಿ ಬೇಗನೆ ಹಸಿರುಗಟ್ಟಿಸುತ್ತವೆ. ಕೆ-ಮಾದರಿಯ ಉಷ್ಣ ಸೆನ್ಸರ್ ಪ್ರತಿ ಡಿಗ್ರಿಗೆ ನೀಡುವುದು ಸುಮಾರು 41 ಮೈಕ್ರೋವೋಲ್ಟ್. 600 ಡಿಗ್ರಿಯಲ್ಲೂ 25 ಮಿಲಿವೋಲ್ಟ್‌ನಷ್ಟೇ. ಇಷ್ಟು ಕ್ಷೀಣ ಸಂಕೇತಕ್ಕೆ ತುಕ್ಕುಹಿಡಿದ ಒಂದು ಜೋಡಣೆ ಸಾಕು, ಅಂಕಿ ಸುಳ್ಳಾಗುತ್ತದೆ. ತಂತಿ ಸಾಲದೆ ಬಂದಾಗ ಸಾಮಾನ್ಯ ತಾಮ್ರದ ತಂತಿ ಸೇರಿಸಿದರೂ ಅದೇ ಫಲ. ಆ ಸೆನ್ಸರಿಗೇ ಮೀಸಲಾದ ತಂತಿಯನ್ನೇ ಬಳಸತಕ್ಕದ್ದು. ಮಾಪಕದ ಅರ್ತ್ ತಂತಿಯನ್ನು ಚಾಸಿಯ ಬದಲು ಕ್ಯಾಬಿನ್ನಿನ ಒಳಗೆ, ಬಣ್ಣ ಕೆರೆದ ಜಾಗದಲ್ಲಿ ಬಿಗಿಯಬೇಕು. ವಿದ್ಯುತ್ ಸಂಪರ್ಕಕ್ಕೆ ಪ್ರತ್ಯೇಕ ಫ್ಯೂಸ್ ಇರಲಿ. ಎಣ್ಣೆಯ ಒತ್ತಡಕ್ಕೆ ವಿದ್ಯುತ್ ಸೆನ್ಸರನ್ನೇ ಆರಿಸುವುದು ಲೇಸು. ಬಿಸಿ ಎಣ್ಣೆಯ ಪೈಪನ್ನು ಚಾಲಕನ ಮೊಣಕಾಲಿನ ಬಳಿ ತರುವುದು ಯಾರಿಗೂ ಹಿತವಲ್ಲ.

ಈ ಕೆಲಸಕ್ಕೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧದ ಅವಧಿಯೇ ಪ್ರಶಸ್ತ. ದೋಣಿಗಳು ದಡ ಸೇರಿದಾಗ ಪಿಕಪ್‌ಗಳಿಗೂ ಬಾಡಿಗೆ ಕಡಿಮೆ.

ಮೊದಲು ಇರುವ ಶಕ್ತಿ

ಮಾಪಕ ಕೂರಿಸಿದ ಮೇಲೆ ಯಾವ ಮಾರ್ಪಾಡನ್ನೂ ಮಾಡದೆ ಒಂದೆರಡು ಬಾರಿ ಹೊರೆಸಹಿತ ಘಾಟಿ ಏರಿ, ಅಂಕಿಗಳನ್ನು ಬರೆದಿಡಬೇಕು. ಟರ್ಬೋ ಒತ್ತಡ ಕಡಿಮೆಯಿದ್ದು ಅನಿಲದ ಉಷ್ಣ ಹೆಚ್ಚಿದ್ದರೆ ಇಂಟರ್‌ಕೂಲರಿನ ಹೋಸ್ ಪೈಪು ಸೀಳಿರಬಹುದು, ಕ್ಲಾಂಪ್ ಸಡಿಲವಾಗಿರಬಹುದು, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಅನೇಕರು ಹೊಸ ಶಕ್ತಿಯೆಂದು ಹುಡುಕುವುದು ಇಂತಹ ದೋಷಗಳಿಂದ ಕಳೆದುಹೋದ ಹಳೆಯ ಶಕ್ತಿಯನ್ನೇ.

ಅನಂತರವೂ ಬೇಕೆನಿಸಿದರೆ ಮಾರುಕಟ್ಟೆಯಲ್ಲಿ ಟ್ಯೂನಿಂಗ್ ಪೆಟ್ಟಿಗೆಗಳಿವೆ. ಇವುಗಳಲ್ಲಿ ಅಗ್ಗದವು ಮಾಡುವುದು ಒಂದು ಬಗೆಯ ವಂಚನೆ: ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆಯೆಂದು ಇಂಜಿನ್ನಿನ ಗಣಕಕ್ಕೆ ತಿಳಿಸುತ್ತವೆ, ಅದು ಒತ್ತಡವನ್ನು ಏರಿಸುತ್ತದೆ. ಗಣಕದ ತಂತ್ರಾಂಶವನ್ನೇ ಬದಲಿಸುವ ಕ್ರಮ ಇದಕ್ಕಿಂತ ನಿಖರ. ಎರಡರಲ್ಲೂ ಕ್ಲಚ್, ಗೇರ್‌ಬಾಕ್ಸ್‌ಗಳ ಮೇಲೆ ಹೊರೆ ಹೆಚ್ಚುತ್ತದೆ, ವಾರಂಟಿಗೆ ಧಕ್ಕೆಯಾಗಬಹುದು. ಬ್ರೇಕ್ ಮಾತ್ರ ಮೊದಲಿದ್ದಷ್ಟೇ ಇರುತ್ತದೆ, ನೋಂದಣಿಪತ್ರದಲ್ಲಿನ ಒಟ್ಟು ತೂಕದ ಮಿತಿಯೂ ಒಂದು ಕಿಲೋ ಏರುವುದಿಲ್ಲ.

ಕಾನೂನಿನ ಗೆರೆ

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ನೋಂದಣಿಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, 6 ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಮಾಪಕವು ನೋಂದಣಿಯ ಯಾವ ವಿವರವನ್ನೂ ಬದಲಿಸುವುದಿಲ್ಲ. ಬಿಎಸ್-6 ವಾಹನದ ಹೊಗೆ ಶುದ್ಧೀಕರಣ ಭಾಗಗಳನ್ನು ಕಿತ್ತೆಸೆಯುವುದು ಬೇರೆಯೇ ಮಾತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿ ಒಂದು ದಶಕದಲ್ಲಿ 5.5 ಲಕ್ಷಕ್ಕೂ ಮಿಕ್ಕಿ ಡೀಸೆಲ್ ಪಿಕಪ್‌ಗಳಿಂದ ಈ ಭಾಗಗಳನ್ನು ತೆಗೆಯಲಾಗಿತ್ತು. ಆ ಹವ್ಯಾಸ ನಮಗೆ ಬೇಡ.

ಘಾಟಿಯಲ್ಲಿ ಉಷ್ಣದ ಅಂಕಿ 650 ಡಿಗ್ರಿ ದಾಟಿದೊಡನೆ ಚಾಲಕನು ಗೇರ್ ಇಳಿಸಿ, ಆಕ್ಸಿಲರೇಟರನ್ನು ತುಸು ಸಡಿಲಿಸಬೇಕು. ಕ್ಷಣಗಳಲ್ಲಿ ಮುಳ್ಳು ಇಳಿಯುವುದನ್ನು ಕಾಣಬಹುದು. ಮೇಲೆ ತಲುಪಿ ಸೂರ್ಯಾಸ್ತ ವೀಕ್ಷಣಾ ಸ್ಥಳದ ಬಳಿ ನಿಲ್ಲಿಸಿದವರು ತಕ್ಷಣ ಇಂಜಿನ್ ಬಂದ್ ಮಾಡದೆ ಒಂದೆರಡು ನಿಮಿಷ ಹಾಗೆಯೇ ಓಡಗೊಡಬೇಕು. ಇಲ್ಲವಾದರೆ ಕಾದ ಟರ್ಬೋದ ಬೇರಿಂಗ್‌ನಲ್ಲಿ ನಿಂತ ಎಣ್ಣೆ ಸುಟ್ಟು ಕರಿಗಟ್ಟುತ್ತದೆ.