ಸುಳ್ಳು ಕೂಗುವ ಕಾರು

ಈ ಸಲ ಬರೆಸಿದ್ದು ಪಿರಿಯಾಪಟ್ಟಣದ ನಮ್ಮ ಭಾವನ ಕಾರು!

ಹೋದ ವರ್ಷ ಭಾವ ಹೊಸ ಕಾರು ತಗೊಂಡರು. ಎದುರಿಗೆ ಯಾರಾದರೂ ಅಡ್ಡ ಬಂದರೆ ಕೀ ಕೀ ಅಂತ ಕೂಗಿ, ಡ್ರೈವರ್ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಅದರಲ್ಲಿದೆ. ದಸರಾ ಕಳೆದದ್ದೇ ತಡ, ಖಾಲಿ ರಸ್ತೆಯಲ್ಲೂ ಕೂಗೋದಕ್ಕೆ ಶುರು ಮಾಡಿತಂತೆ. "ಇದಕ್ಕೆ ದೆವ್ವ ಕಾಣ್ತವೆ ಕಣಯ್ಯ" ಅಂತ ಹೇಳಿ ಭಾವ ಅದನ್ನು ಆಫ್ ಮಾಡಿಟ್ಟಿದ್ದರು. ದೀಪಾವಳಿಗೆ ಹೋದಾಗ ನೋಡು ಅಂದರು. ನಾನೇನು ಮೆಕ್ಯಾನಿಕ್ ಅಲ್ಲ, ಆದರೂ ಕುತೂಹಲ ಬಿಡಲಿಲ್ಲ. ಹಳೇ ಕಥೆಗಳನ್ನು ಓದುತ್ತಾ ಕೂತೆ.

ಕಾರಿನಿಂದ ನಡೆಯುವವರನ್ನು ಕಾಪಾಡುವ ಯೋಚನೆ ಕಾರಿಗಿಂತಲೂ ಹಳೆಯದು. ಬ್ರಿಟನ್ನಿನಲ್ಲಿ 1865ರಲ್ಲಿ ಒಂದು ಕಾನೂನು ಬಂತು. ರಸ್ತೆಯಲ್ಲಿ ಓಡುವ ಉಗಿಬಂಡಿಯ ಮುಂದೆ 60 ಗಜ ದೂರದಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಡೀಬೇಕು. ಯೋಚಿಸಿ, ಎಂಥಾ ಸೆನ್ಸರ್! ಕಣ್ಣು, ಕಿವಿ, ಬುದ್ಧಿ ಮೂರೂ ಇದೆ, ಸುಳ್ಳು ಕೂಗೋದಿಲ್ಲ. ಬಂಡಿ ಮಾತ್ರ ನಡಿಗೆಯ ವೇಗದಲ್ಲೇ ಹೋಗಬೇಕು :-) 1896ರಲ್ಲಿ ಈ ನಿಯಮ ಹೋಯಿತು. ಅದೇ ವರ್ಷ ಆಗಸ್ಟಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಕಾರಿಗೆ ಸಿಕ್ಕಿ ಸತ್ತಳು. ಆ ದೇಶದಲ್ಲಿ ಪೆಟ್ರೋಲ್ ಕಾರಿಗೆ ಬಲಿಯಾದ ಮೊದಲ ಪಾದಚಾರಿ. ಡ್ರೈವರ್ ಗಂಟೆ ಬಾರಿಸಿದ್ದೆ, ಕೂಗಿದ್ದೆ ಅಂದ. ಅಂದರೆ ಎಚ್ಚರಿಕೆ ಕೊಟ್ಟಿದ್ದ, ಕೆಲಸಕ್ಕೆ ಬರಲಿಲ್ಲ.

ಆಮೇಲೆ ನೂರು ವರ್ಷ ಹಾರ್ನ್ ಒಂದೇ ಗತಿ. 2010ರಲ್ಲಿ ವೋಲ್ವೋ ತನ್ನ ಎಸ್60 ಕಾರಿನಲ್ಲಿ ಮನುಷ್ಯರನ್ನು ಗುರುತಿಸಿ ತಾನೇ ಪೂರ್ತಿ ಬ್ರೇಕ್ ಹಾಕುವ ವ್ಯವಸ್ಥೆ ತಂದಿತು. ಗಾಜಿನ ಹಿಂದೆ ಒಂದು ಕ್ಯಾಮೆರಾ, ಮುಂದಿನ ಜಾಲರಿಯಲ್ಲಿ ಒಂದು ರೇಡಾರ್. ಎದುರಿಗೆ ಏನೋ ಇದೆ, ಎಷ್ಟು ದೂರ ಅಂತ ರೇಡಾರ್ ಹೇಳುತ್ತೆ. ಅದು ಮನುಷ್ಯನಾ ಅಂತ ಕ್ಯಾಮೆರಾ ಹೇಳುತ್ತೆ. ಇಬ್ಬರೂ ಒಪ್ಪಿದರೆ ಬ್ರೇಕ್.

ತಕರಾರು ಹುಟ್ಟೋದು ಇಲ್ಲೇ. 2017ರಲ್ಲಿ ವೋಲ್ವೋದವರೇ ಒಪ್ಪಿಕೊಂಡ ಹಾಗೆ, ಆಸ್ಟ್ರೇಲಿಯಾದ ಕಾಂಗರೂ ಅವರ ಲೆಕ್ಕಕ್ಕೆ ಸಿಗಲಿಲ್ಲ. ಪ್ರಾಣಿಯ ದೂರ ಅಳೆಯೋಕೆ ನೆಲವೇ ಆಧಾರ. ಕಾಂಗರೂ ಗಾಳಿಯಲ್ಲಿದ್ದಾಗ ದೂರ ಇದ್ದ ಹಾಗೆ, ಕೆಳಗೆ ಇಳಿದಾಗ ಹತ್ತಿರ ಬಂದ ಹಾಗೆ! 2020ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು ರಸ್ತೆಯ ಮೇಲೆ ಪ್ರೊಜೆಕ್ಟರಿನಿಂದ ಮನುಷ್ಯನ ಚಿತ್ರ ಬಿಟ್ಟು ಇಂಥ ಕಾರುಗಳನ್ನು ಯಾಮಾರಿಸಿ ತೋರಿಸಿದರು.

ಹುಲಿ ಬಂತು ಹುಲಿ ಅಂತ ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. (ಎಚ್.ಡಿ. ಕೋಟೆ ಕಡೆಯವರಿಗೆ ಹುಲಿ ನಿಜವಾಗಿಯೂ ಬರುತ್ತೆ, ಆ ಮಾತು ಬೇರೆ.) ಆ ಹುಡುಗನ ಬಾಯಿಗೆ ಬಟ್ಟೆ ತುರುಕಿದರೆ ಏನಾಗುತ್ತೆ ಅನ್ನೋದು ಗೊತ್ತಾದದ್ದು 2018ರ ಮಾರ್ಚ್ 18ರ ರಾತ್ರಿ, ಅಮೆರಿಕದ ಟೆಂಪಿಯಲ್ಲಿ. ಎಲೇನ್ ಹರ್ಜ್‌ಬರ್ಗ್ ಎಂಬ 49 ವರ್ಷದ ಹೆಂಗಸು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ಬಂದದ್ದು ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ, ತಾನೇ ಓಡುವ ಕಾರು. ಒಳಗೆ ಕೂತಿದ್ದ ಡ್ರೈವರಿನ ಕಣ್ಣು ಫೋನಿನ ಮೇಲಿತ್ತು. ಸರ್ಕಾರದ ತನಿಖೆಯ ಪ್ರಕಾರ ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಯಂತ್ರ ಅವಳನ್ನು ಕಂಡಿತ್ತು. ಒಮ್ಮೆ ವಾಹನ ಅಂದಿತು, ಒಮ್ಮೆ ಬೇರೇನೋ ಅಂದಿತು, ಒಮ್ಮೆ ಸೈಕಲ್ ಅಂದಿತು. ಪ್ರತಿ ಸಲ ಹೆಸರು ಬದಲಾದಾಗಲೂ ಹಿಂದಿನ ಚಲನೆಯನ್ನು ಮರೆಯಿತು. ಪಟ್ಟೆ ಇಲ್ಲದ ಕಡೆ ಜನ ದಾಟಬಹುದು ಎಂಬ ಎಣಿಕೆಯೇ ಅದಕ್ಕಿರಲಿಲ್ಲ. (ನಮ್ಮೂರಲ್ಲಿ ಪಟ್ಟೆ ಹುಡುಕಿಕೊಂಡು ದಾಟುವವರು ಯಾರಪ್ಪ?) ಕೊನೆಗೆ ಅಪಾಯ ಅಂತ ಗೊತ್ತಾದ ಮೇಲೂ ಒಂದು ಸೆಕೆಂಡ್ ಸುಮ್ಮನಿತ್ತು. ಸುಳ್ಳು ಎಚ್ಚರಿಕೆಗೆಲ್ಲ ಬ್ರೇಕ್ ಬೀಳಬಾರದು ಅಂತ ಕಂಪನಿಯವರೇ ಇಟ್ಟಿದ್ದ ಒಂದು ಸೆಕೆಂಡ್ ಅದು. ವೋಲ್ವೋ ಕಾರಿನ ಸ್ವಂತ ಬ್ರೇಕ್ ವ್ಯವಸ್ಥೆಯನ್ನೂ ಆಗ ಆಫ್ ಮಾಡಿಟ್ಟಿದ್ದರು.

ಇದನ್ನು ಓದಿದ ಮೇಲೆ ಭಾವನ 'ಆಫ್' ನನಗೆ ಸರಿ ಕಾಣಲಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ಒಂದು ನೋಟ್ ಬುಕ್ ಇಟ್ಟುಕೊಂಡೆವು. ಕೂಗಿದಾಗಲೆಲ್ಲ ಜಾಗ, ಹೊತ್ತು ಬರೆಯೋದು, ಪಕ್ಕದಲ್ಲಿ 'ನಿಜ' ಅಥವಾ 'ಸುಳ್ಳು'. ಲೆಕ್ಕ ಸುಲಭ. ಎಲ್ಲಿ ಹೋದರಲ್ಲಿ ಕೂಗಿದರೆ ತೊಂದರೆ ಕಾರಿನಲ್ಲಿದೆ, ಒಂದೇ ಜಾಗದಲ್ಲಿ ಕೂಗಿದರೆ ರಸ್ತೆಯಲ್ಲಿದೆ.

ಮೊದಲ ಎರಡು ದಿನ ಎಲ್ಲೆಲ್ಲೂ ಕೂಗಿತು. ಕಾರಿನ ಮುಂದೆ ಕೂತು ನೋಡಿದರೆ ನಗು ಬಂತು. ಆಯುಧಪೂಜೆಯಲ್ಲಿ ಕಟ್ಟಿದ ಬಾಳೆಕಂದಿನ ತಂತಿ ಜಾಲರಿಯಲ್ಲಿ ಹಾಗೇ ಇದೆ, ರೇಡಾರಿನ ಮುಖಕ್ಕೆ ಸರಿಯಾಗಿ! ಗಾಜಿನ ಮೇಲೆ ಕ್ಯಾಮೆರಾ ನೋಡುವ ಜಾಗದಲ್ಲೇ ಗಂಧ, ಕುಂಕುಮ ಒಣಗಿ ಕೂತಿದೆ. 'ಸೆನ್ಸರ್ ಮುಚ್ಚಿದೆ' ಅಂತ ಪರದೆ ಮೇಲೆ ಬರುತ್ತಿತ್ತಂತೆ, ಭಾವ ಅದನ್ನೂ ಸುಳ್ಳು ಅಂದುಕೊಂಡಿದ್ದರು. ತಂತಿ ಬಿಚ್ಚಿ, ಗಾಜು ಒರೆಸಿದೆವು. ಮುಕ್ಕಾಲು ಪಾಲು ದೆವ್ವಗಳು ಓಡಿಹೋದವು.

ಉಳಿದದ್ದು ಎರಡು ಜಾಗ. ಒಂದು ಕಡೆ ರಸ್ತೆಯ ತಿರುವಿಗೇ ಎದುರಾಗಿ ಆಳೆತ್ತರದ ಫ್ಲೆಕ್ಸು, ಅದರಲ್ಲಿ ಹುಟ್ಟುಹಬ್ಬದ ಶುಭಾಶಯ ಹೊತ್ತ ನಾಯಕರೊಬ್ಬರು ಕೈ ಮುಗಿದು ನಿಂತಿದ್ದಾರೆ. ಕಾರು ಅವರನ್ನು ನಂಬಿತ್ತು.

ಇನ್ನೊಂದು ಬೆಟ್ಟದಪುರದ ದಾರಿಯ ಒಂದು ತಿರುವು. ಹಗಲು ಸುಮ್ಮನಿರುತ್ತೆ, ಸಂಜೆ ಏಳರ ಹೊತ್ತಿಗೆ ಕೂಗುತ್ತೆ. ನೋಟ್ ಬುಕ್ಕಿನಲ್ಲಿ ಮೂರು ಸಲ 'ಸುಳ್ಳು' ಅಂತ ಭಾವನ ಕೈಬರಹ. ನಾಲ್ಕನೇ ಸಂಜೆ ಕಾರನ್ನು ತಿರುವಿನಿಂದ ಹಿಂದೆಯೇ ನಿಲ್ಲಿಸಿ ಟಾರ್ಚ್ ಹಿಡಿದು ನಡೆದು ಹೋದೆವು. ರಸ್ತೆ ಅಂಚಿನ ಮಣ್ಣು ಮಳೆಗೆ ಕೊರೆದುಹೋಗಿ ಟಾರಿನ ಮೇಲೆ ನಡೆಯದೆ ಬೇರೆ ದಾರಿಯಿಲ್ಲ. ಹೊಲದಿಂದ ಮನೆಗೆ ಹೊರಟ ಇಬ್ಬರು ಹೆಂಗಸರು, ಕಪ್ಪು ಸೀರೆ, ತಲೆ ಮೇಲೆ ಹುಲ್ಲಿನ ಹೊರೆ. ಟಾರ್ಚ್ ಬೆಳಕು ಬೀಳುವ ತನಕ ನನಗೂ ಕಾಣಲಿಲ್ಲ.

"ದಿನಾ ಇದೇ ಹೊತ್ತಿಗೆ ಬರ್ತೀರೇನವ್ವಾ?" ಅಂತ ಭಾವ ಕೇಳಿದರು.

"ಊಂ ಕನಣ್ಣ, ಇನ್ನೆಲ್ಲಿ ಹೋಗದು" ಅಂದಳು ಒಬ್ಬಳು.

ವಾಪಸ್ ಬರುವಾಗ ಭಾವ ಮಾತಾಡಲಿಲ್ಲ. ಮನೆಗೆ ಬಂದು ನೋಟ್ ಬುಕ್ ತೆಗೆದು ಮೂರು ಕಡೆ ತಿದ್ದಿದರು.